ಗೂಟದ ಮೇಲೆ ಪಾಕ ಇರುವಾಗ

ಕಥೆ ಹೇಳುವವರು ಒಳ್ಳೆಯ ಸುದ್ದಿಯನ್ನು ಕೊನೆಗೆಂದು ಮುಚ್ಚಿಟ್ಟುಕೊಳ್ಳುತ್ತಾರಂತೆ. ನನ್ನ ಕೈಯಲ್ಲಿ ಅದಾಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ: ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಖಾಯಂ ಕೆಲಸ. ಗಣಿತ ಮಾಡುವ ಕೆಲಸ. ಹುಡುಗರಿಗೆ ಕಲಿಸುವುದೂ ಇದೆ, ಆದರೆ ಹೆಚ್ಚಾಗಿ ಕುಳಿತು ವಿಚಾರ ಮಾಡುವುದಕ್ಕೇ ಅವಳಿಗೆ ಪಗಾರ ಕೊಡುತ್ತಾರೆ. ಇದನ್ನು ನಾನು ಮಿರಜದ ಮಂಡಿಯಲ್ಲಿ ಮೆಂತ್ಯದ ಸೂಡು ಮಾರುವವಳಿಗೆ ಹೇಳಿದ್ದೇನೆ, ರಿಕ್ಷಾದವನಿಗೆ ಹೇಳಿದ್ದೇನೆ, ಹಲ್ಲಿನ ಡಾಕ್ಟರರು ಬಾಯೊಳಗೆ ಕೈ ಹಾಕಿದ್ದಾಗ ಹೇಳಲು ಹೋಗಿ ಬೈಸಿಕೊಂಡಿದ್ದೇನೆ. ಈಗ ಬರೆಯಲು ಕುಳಿತಿದ್ದೇನೆ. ಕೇಳುವವರು ಮುಗಿದರು, ನನ್ನ ಸಂತೋಷ ಮುಗಿದಿಲ್ಲ.

ನಾನು ಕಲಿತದ್ದು ಕಡಿಮೆ. ಗಡಿಯ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಯುವುದರೊಳಗೆ ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳುವವರು ಬೇಕಾದರು, ಪಾಟಿ ಮೂಲೆಗೆ ಬಿತ್ತು. ಮದುವೆಯಾಗಿ ಮಿರಜಕ್ಕೆ ಬಂದೆ. ಮರಾಠಿ ಓದುವುದನ್ನು ಅಂಗಡಿಗಳ ಬೋರ್ಡು ನೋಡಿ ಕಲಿತೆ. ನಾನು ಸೇರಿದ್ದು ರೇವಡಿ ಮಾಡುವವರ ಮನೆ. ಕೆಳಗೆ ಭಟ್ಟಿ, ಬೀದಿಗೆ ಅಂಗಡಿ, ಮೇಲೆ ನಾವು. ಸಾಂಗಲಿ ಪೇಟೆಯ ಬೆಲ್ಲ ಬರುತ್ತದೆ, ರೇವಡಿಯಾಗಿ ಹೋಗುತ್ತದೆ. ಮಗ ಟೆಂಪೋದಲ್ಲಿ ಸಮಡೋಳಿ, ಕಸಬೆ ಡಿಗ್ರಜದ ಅಂಗಡಿಗಳಿಗೆ ಹಾಕಿ ಬರುತ್ತಾನೆ, ಸೊಸೆ ಅಂಗಡಿ ನೋಡುತ್ತಾಳೆ. ನಮ್ಮ ಮನೆಯವರು ಪಾಕ ಎಳೆಯುತ್ತಿದ್ದರು. ಅವರ ಭುಜ ಹಿಡಿದುಕೊಂಡು ಕೈ ಏಳದಂತಾದ ಮೇಲೆ ನಾನು ಎಳೆಯತೊಡಗಿದೆ. ಈಗಲೂ ಎಳೆಯುತ್ತೇನೆ. ಬೇಕಾದರೆ ಬಂದು ನನ್ನ ತೋಳು ಮುಟ್ಟಿ ನೋಡಿ, ಹಲಗೆ ಇದ್ದ ಹಾಗಿದೆ.

ಪಾಕ ಎಳೆಯುವುದು ಎಂದರೆ ಏನು ಎಂದು ಹೇಳದೆ ನನ್ನ ಮೊಮ್ಮಗಳ ಗಣಿತ ತಿಳಿಯುವುದಿಲ್ಲ. ಹೇಳಿದರೂ ಪೂರ್ತಿ ತಿಳಿಯುವುದಿಲ್ಲ, ನನಗೂ ತಿಳಿದಿಲ್ಲ, ಆದರೂ ಕೇಳಿ. ಬೆಲ್ಲ, ಸಕ್ಕರೆ ಕೂಡಿಸಿ ಕುದಿಸಬೇಕು. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಅದು ಗಾಜಿನ ಹಾಗೆ ಚಟ್ಟನೆ ಮುರಿಯಬೇಕು. ಆಗ ಎಣ್ಣೆ ಸವರಿದ ಕಲ್ಲಿನ ಮೇಲೆ ಸುರಿದು, ಅಂಚನ್ನು ಒಳಗೊಳಗೆ ಮಡಚುತ್ತ, ಕೈ ತಾಳುವಷ್ಟು ಆರಿದ ಮೇಲೆ ಗೋಡೆಯ ಗೂಟಕ್ಕೆ ನೇತುಹಾಕಿ ಎಳೆಯಬೇಕು. ಎಳೆದು, ಮಡಚಿ, ಮತ್ತೆ ಗೂಟಕ್ಕೆ ಹಾಕಿ, ಮತ್ತೆ ಎಳೆಯಬೇಕು. ಕಂದು ಬಣ್ಣ ಹೋಗಿ ಬಂಗಾರದ ಬಣ್ಣ ಬರುತ್ತದೆ, ಅದೂ ಹೋಗಿ ರೇಷ್ಮೆಯಂಥ ಬಿಳುಪು ಬರುತ್ತದೆ. ಆಮೇಲೆ ಹಗ್ಗದಂತೆ ಹೊಸೆದು, ತುಂಡು ಮಾಡಿ, ಬಿಸಿ ಎಳ್ಳಿನಲ್ಲಿ ಹೊರಳಿಸಿದರೆ ರೇವಡಿ.

ಇದರಲ್ಲಿ ಒಂದು ಕಟ್ಟಳೆ ಇದೆ. ನಾನು ಮನೆ ತುಂಬಿದ ವಾರದಲ್ಲೇ ಅತ್ತೆ ಅದನ್ನು ನನ್ನ ಕಿವಿಗೆ ಹಾಕಿದ್ದರು. ನಮ್ಮ ಮನೆಯವರು ಎಳೆಯುತ್ತಿದ್ದರು, ನಾನು ಎಳ್ಳು ಹುರಿಯುತ್ತ, ಹೊಸ ಹುರುಪಿನಲ್ಲಿ, “ಆತೇನ್ರಿ?” ಎಂದುಬಿಟ್ಟೆ. ಅತ್ತೆ ಸೌಟು ಎತ್ತಿದರು.

“ಏ ಹುಡುಗಿ! ಗೂಟದ ಮ್ಯಾಲ ಪಾಕ ಇದ್ದಾಗ ‘ಆತೇನು’ ಅನಬಾರದು. ಎಳ್ಯಾವ್ರs ‘ಆತು’ ಅಂತಾರ. ಅಲ್ಲೀತನಕ ಬಾಯಿಗೆ ಬೀಗಾ.”

ಕೇಳಿದರೆ ಎಳೆಯುವವರು ಉತ್ತರ ಕೊಡಲು ಕೈ ತಡೆಯುತ್ತಾರೆ, ತಡೆದ ಗಳಿಗೆಯಲ್ಲಿ ಪಾಕ ಬಿಗಿದು ಕಲ್ಲಾಗುತ್ತದೆ. ದೃಷ್ಟಿ ತಾಗುತ್ತದೆ ಎಂದೂ ಅನ್ನುತ್ತಿದ್ದರು. ಎರಡರಲ್ಲಿ ಯಾವುದು ಖರೆಯೋ ನಾನು ವಿಚಾರಿಸಲಿಲ್ಲ. ಬರುತ್ತ ಬರುತ್ತ ಈ ಕಟ್ಟಳೆ ಗೂಟ ಬಿಟ್ಟು ಮನೆಯೆಲ್ಲ ಹಬ್ಬಿತ್ತು. ಸೊಸೆ ಬಸುರಿ ಇದ್ದಾಗ ಎಷ್ಟನೆಯ ತಿಂಗಳೆಂದು ನಾವು ಕೇಳಲಿಲ್ಲ. ಮೇಲಿನ ಮಾಳಿಗೆ ಕಟ್ಟುವಾಗ ಗೌಂಡಿಯನ್ನು ಕೇಳಲಿಲ್ಲ, ಅದಕ್ಕೇ ಅವನು ಎರಡು ಮಳೆಗಾಲ ತೆಗೆದುಕೊಂಡ. ಏನೇ ಆಗುತ್ತಿರಲಿ, ಆಗುವವರೆಗೆ ಕೇಳುವುದಿಲ್ಲ. ಪಾಕದ ಮಾತನ್ನು ಮಕ್ಕಳಿಗೆ ಗದರಿಸಿ ಹೇಳುತ್ತಿದ್ದೆವು. ಉಳಿದದ್ದನ್ನು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ತಾನಾಗಿ ತಿಳಿಯುತ್ತದೆ ಅಂದುಕೊಂಡಿದ್ದೆವು.

ಮೊಮ್ಮಗಳು ಆ ಭಟ್ಟಿಯಲ್ಲೇ ಬೆಳೆದಳು. ಶಾಲೆ ಬಿಟ್ಟು ಬಂದು ದಫ್ತರ ಎಸೆದು ನೇರ ನನ್ನ ಬಳಿ ಬರುತ್ತಿದ್ದಳು. ಒಂದು ದಿನ ನಾನು ತುಂಡು ಮಾಡುತ್ತಿದ್ದೇನೆ, ಬೆಳ್ಳಗಿನ ರೇವಡಿಯಲ್ಲಿ ಒಂದು ಕರಿ ಚುಕ್ಕೆ! ನೊಣವೇ ಬಿತ್ತೆಂದು ನನ್ನ ಜೀವ ಹಾರಿತು. ನೋಡಿದರೆ ಕರಿ ಎಳ್ಳು. ಎಲ್ಲಿಂದ ಬಂತು ಎನ್ನುವುದರೊಳಗೆ ಹುಡುಗಿ ಕೈ ಚಪ್ಪಾಳೆ ತಟ್ಟಿ ಕುಣಿಯತೊಡಗಿದಳು.

“ಸಿಕ್ತು, ಒಂದ ಸಿಕ್ತು! ಆಯಿ, ಇನ್ನೊಂದು ಐತಿ, ಹುಡುಕ್ರಿ!” ನಮ್ಮಲ್ಲಿ ಅಜ್ಜಿಗೆ ಆಯಿ ಎನ್ನುತ್ತಾರೆ.

“ನೀನs ಹಾಕೀಯೇನ, ಹುಚ್ಚಿ? ಗಿರಾಕಿ ನೋಡಿದ್ರ ಏನ ಅಂದಾರು?”

“ಕಲ್ಲಿನ ಮ್ಯಾಲ ಪಾಕ ಇದ್ದಾಗ ಎರಡನೂ ಬಾಜೂಬಾಜೂಕ ಇಟ್ಟಿದ್ದೆ ಆಯಿ. ಒಂದಕ್ಕೊಂದು ಅಂಟಿಸಿ ಇಟ್ಟಿದ್ದೆ. ಇದು ಇಲ್ಲಿ ಬಂತು. ಅದು ಎಲ್ಲಿ ಹೋತು?”

ಎರಡನೆಯದು ಹಗ್ಗದ ಆ ಕಡೆಯ ತುದಿಯಲ್ಲಿ ಸಿಕ್ಕಿತು. ಅಷ್ಟಕ್ಕೆ ಬಿಟ್ಟಳೇ? ಮರುದಿನ ಮತ್ತೆ ಎರಡು ಕರಿ ಎಳ್ಳು. “ನಿನ್ನೆ ಎಲ್ಲಿ ಇಟ್ಟಿದ್ದೆ ಅಲ್ಲೇ ಇಟ್ಟೀನಿ, ನೀವೂ ಹಂಗs ಎಳೀರಿ” ಎಂದು ನನಗೇ ಅಪ್ಪಣೆ. ನಾನು ಹಾಗೆಯೇ ಎಳೆದೆ. ಕಾಳುಗಳು ಬೇರೆಲ್ಲೋ ಹೊರಟವು. ಅವಳಿಗೆ ಸಿಟ್ಟೇ ಬಂತು. “ಅಲ್ಲೇ ಇಟ್ಟಿದ್ದೆನಲ್ಲ!” ಎಂದು ಕಾಲು ಬಡಿದಳು. ಕೂದಲೆಳೆಯಷ್ಟು ಸರಿದಿರಬೇಕು ಬಿಡೇ ಎಂದು ನಾನು ಸಮಾಧಾನ ಮಾಡಿದೆ. ಆ ಮಾತು ಅವಳನ್ನು ಹಿಡಿದುಕೊಂಡಿತು ನೋಡಿ. ಕೂದಲೆಳೆಯಷ್ಟು ಸರಿದರೆ ಇಷ್ಟೆಲ್ಲ ಫರಕು ಆಗುತ್ತದೆಯೇ ಎಂದು ಊಟದಲ್ಲಿ, ಸ್ನಾನದಲ್ಲಿ, ನನ್ನ ಸೆರಗು ಹಿಡಿದುಕೊಂಡು ಅದೇ ಪ್ರಶ್ನೆ. ನನಗೇನು ಗೊತ್ತು? ರೇವಡಿ ತಿನ್ನುವವರು ಎಳ್ಳು ಎಲ್ಲಿಂದ ಬಂತೆಂದು ಕೇಳುವುದಿಲ್ಲ ಎಂದೆ. ನಮ್ಮ ಮನೆಯವರು ಆ ಕರಿ ಚುಕ್ಕೆಯ ರೇವಡಿಯನ್ನು “ಹೆಂಗ ಐತಿ ನೋಡ್ರಿ, ಖಾಸ ಮಾಲು” ಎಂದು ಮಾಲಗಾಂವದ ದ್ರಾಕ್ಷಿ ತೋಟದವನಿಗೆ ಮಾರಿಯೇಬಿಟ್ಟರು. ಮುಂದಿನ ವಾರ ಅವನು ಅದೇ ಬೇಕೆಂದು ಬಂದ!

ಆ ಪ್ರಶ್ನೆಯನ್ನೇ ಹಿಡಿದುಕೊಂಡು ಅವಳು ಎಲ್ಲೆಲ್ಲಿ ಹೋದಳು! ಸಾಂಗಲಿಯ ಕಾಲೇಜಿಗೆ ಸಿಟಿ ಬಸ್ಸಿನಲ್ಲಿ ನಿಂತುಕೊಂಡು ಹೋದಳು. ಅಲ್ಲಿಯ ಮೇಡಂ ಒಬ್ಬರು ಇವಳ ತಲೆ ನೋಡಿ ಪುಣೆಗೆ ಕಳಿಸಿರೆಂದರು, ಪುಣೆಗೆ ಹೋದಳು. ಅಲ್ಲಿಂದ ಮತ್ತೂ ದೂರ, ದಕ್ಷಿಣದ ಒಂದು ಊರಿಗೆ, ಪಿಎಚ್‌ಡಿ ಮಾಡಲು. ಅವಳ ಗಣಿತದ ಹೆಸರು ಡೈನಾಮಿಕಲ್ ಸಿಸ್ಟಮ್ಸ್. ಇದನ್ನು ತಡವರಿಸದೆ ಹೇಳಲು ನಾನು ಒಂದು ವಾರ ಭಟ್ಟಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಒಂದು ಕೆಲಸವನ್ನು ಒಂದೇ ರೀತಿಯಲ್ಲಿ ಮತ್ತೆ ಮತ್ತೆ ಮಾಡುತ್ತ ಹೋದರೆ ಕೊನೆಗೆ ಯಾವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ, ಏನನ್ನು ಮೊದಲೇ ಹೇಳಬಹುದು, ಏನನ್ನು ಹೇಳಲಾಗುವುದಿಲ್ಲ ಎನ್ನುವ ಲೆಕ್ಕವಂತೆ. ಗಾಳಿ, ಮಳೆ, ಗ್ರಹಗಳ ತಿರುಗಾಟ ಎಲ್ಲ ಅದರಲ್ಲಿ ಬರುತ್ತದೆ. ಆದರೆ ಅವಳು ಹಿಡಿದದ್ದು ಏನು ಗೊತ್ತೇ? ಕಲಸುವುದು! ಎಳೆದು ಮಡಚಿದಾಗ ಒಳಗೆ ಏನಾಗುತ್ತದೆ ಎನ್ನುವುದು. ಫೋನಿನಲ್ಲಿ ಅದನ್ನು ಕೇಳಿದ ದಿನ ನಾನು ಗೂಟಕ್ಕೆ ಕುಂಕುಮ ಹಚ್ಚಿದೆ.

ರಜೆಗೆ ಬಂದಾಗ ಅಜ್ಜನಿಗೂ ಮೊಮ್ಮಗಳಿಗೂ ಜಗಳ.

“ಅಜ್ಜಾ, ನಾ ಈಗ ಮೂರು ಗೂಟದ ಮ್ಯಾಲ ಕೆಲಸ ಮಾಡಾಕತ್ತೀನಿ. ಗೂಟಗಳs ತಿರುಗತಾವ. ಯಾವ ಗೂಟ ಯಾವುದರ ಮುಂದಿಂದ ಹೋಗ್ಬೇಕು, ಯಾವುದರ ಹಿಂದಿಂದ ಹೋಗ್ಬೇಕು ಅನ್ನೂದರ ಮ್ಯಾಲ ಎಲ್ಲಾ ನಿಂತೈತಿ.”

“ಮೂರು ಯಾಕ ಬೇಕs? ದಂಡ! ನಮ್ಮಪ್ಪನ ಕಾಲದಿಂದ ಒಂದs ಗೂಟದ ಮ್ಯಾಲ ನಡದೈತಿ.”

“ಒಂದು ಗೂಟ, ಆಯೀವು ಎರಡು ಕೈ. ಎಷ್ಟಾದುವು ಅಜ್ಜಾ?”

ನಮ್ಮ ಮನೆಯವರು ಬೆರಳು ಮಡಚಿ ಎಣಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಏ, ನೀ ಇಷ್ಟ ದಿನಾ ಗಣಿತ ಮಾಡಾಕತ್ತಿದ್ದಿ, ನಂಗ ಹೇಳಲೇ ಇಲ್ಲ” ಎಂದರು. ನನಗೆ ಗೊತ್ತಿದ್ದರೆ ಅಲ್ಲವೇ ಹೇಳುವುದು! ನನ್ನ ಕೈಗೆ ಗೊತ್ತಿರುವುದು ಎಳೆಯುವುದಷ್ಟೇ. ಅದು ಯಾಕೆ ಹಾಗಾಗುತ್ತದೆ ಎಂದು ಕೇಳಲು ಅವಳು ಹುಟ್ಟಿ ಬರಬೇಕಾಯಿತು.

ಒಮ್ಮೆ ಅವಳು ಇಟಲಿ ಎನ್ನುವ ದೇಶಕ್ಕೆ ಭಾಷಣ ಮಾಡಲು ಹೋಗಿದ್ದಳು. ಒಂದು ಡಬ್ಬಿ ರೇವಡಿ ಕಟ್ಟಿ ಕೊಟ್ಟಿದ್ದೆ. ಅಲ್ಲಿಯ ಒಬ್ಬ ದೊಡ್ಡ ಪ್ರೊಫೆಸರು, ಎಲ್ಲರನ್ನೂ ಪ್ರಶ್ನೆ ಕೇಳಿ ನಡುಗಿಸುವವರು, ಭಾಷಣಕ್ಕೆ ಮೊದಲು ನಾಲ್ಕು ರೇವಡಿ ಒಮ್ಮೆಗೇ ಬಾಯಿಗೆ ಹಾಕಿಕೊಂಡರಂತೆ. ಹಲ್ಲಿಗೆ ಅಂಟಿ ಬಾಯಿ ಬಿಡಲಾಗಲಿಲ್ಲವಂತೆ. ನಾನು ಇದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ಆ ಭಾಷಣದ ವಿಡಿಯೋ ಮಗನ ಫೋನಿಗೆ ಬಂತು. ಸೊಸೆ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದಳು, ಎಲ್ಲರೂ ಕೂಡಿ ನೋಡಿದೆವು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಾಳೆ, ಹಲಗೆಯ ತುಂಬ ಗೆರೆ. ಒಂದು ಅಕ್ಷರವೂ ನನಗೆ ತಿಳಿಯಲಿಲ್ಲ. ನಡುವೆ ಒಂದು ಕಡೆ ಅವಳು ಸೀಮೆಸುಣ್ಣ ಕೆಳಗಿಟ್ಟು, ಬರಿಗಾಳಿಯಲ್ಲಿ ಎರಡೂ ಕೈ ಚಾಚಿ ಎಳೆದಳು, ಎಡಗೈ ಮಣಿಕಟ್ಟು ತಿರುಗಿಸಿ ಮಡಚಿದಳು, ಮತ್ತೆ ಮೇಲೆ ಹಾಕಿದಳು. ನಾನು ಕೂಗಿಬಿಟ್ಟೆ! ಆ ಮಣಿಕಟ್ಟಿನ ತಿರುವು ನನ್ನದು. ನಮ್ಮ ಅತ್ತೆ ನನಗೆ ಹೊಡೆದು ಕಲಿಸಿದ ತಿರುವು. ಇಟಲಿಯ ದೊಡ್ಡ ಸಭೆಯಲ್ಲಿ, ಸೂಟು ಹಾಕಿದವರ ಮುಂದೆ, ನಮ್ಮ ಅತ್ತೆಯ ಕೈ ಆಡುತ್ತಿತ್ತು! ಆ ಒಂದು ಜಾಗವನ್ನು ನಾನು ಎಷ್ಟು ಸಲ ಹಚ್ಚಿಸಿಕೊಂಡು ನೋಡಿದೆನೆಂದರೆ, ಮಗ ಕೊನೆಗೆ ಫೋನನ್ನೇ ಬಚ್ಚಿಟ್ಟ.

ಇಷ್ಟೆಲ್ಲ ಆಗುವಾಗ ನಾವು ಒಮ್ಮೆಯೂ ಅವಳನ್ನು ಕೇಳಲಿಲ್ಲ. ಪಿಎಚ್‌ಡಿ ಆತೇನು, ನೌಕರಿ ಆತೇನು, ಊಹೂಂ. ಎದುರು ಮನೆಯ ಮರಾಠಿ ಮಾವಶಿ ಮೆಟ್ಟಿಲ ಮೇಲೆ ಕುಳಿತು ದಿನಾ ಕೇಳುತ್ತಿದ್ದಳು, “ಝಾಲಂ ಕಾ ಹೋ ನಾತೀಚಂ?” ಎಂದು, ಮೊಮ್ಮಗಳದು ಆತೇನು ಎಂದು. ನಾನು ಮಳೆಯ ಮಾತು ತೆಗೆದು ತಪ್ಪಿಸಿಕೊಳ್ಳುತ್ತಿದ್ದೆ. ನಿಜವಾದ ಕಷ್ಟ ನಮ್ಮ ಮನೆಯವರದು. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮೊಮ್ಮಗಳ ಫೋನು ಬಂದರೆ ಸಾಕು, “ಮತ್ತ ಬಾಳಾ, ಅದು ಆತೇ...” ಎಂದು ಶುರುಮಾಡುವರು; ಬಾಳಾ ಎಂದರೆ ಮರಾಠಿಯಲ್ಲಿ ಮಗು. ನಾನು ಒಂದು ರೇವಡಿ ಕೈಯಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತಿದ್ದೆ, ಬಾಯಿಗೆ ತುರುಕಿಬಿಡುತ್ತಿದ್ದೆ. ಕಟ್ಟಿಸಿದ ಹಲ್ಲು ಅವರದು. ಅದನ್ನು ಬಿಡಿಸಿಕೊಳ್ಳುವುದರೊಳಗೆ ಮಾತು ಬೇರೆ ಕಡೆ ಹೊರಳಿರುತ್ತಿತ್ತು.

ಪಿಎಚ್‌ಡಿ ಆಯಿತು. ಅವಳಾಗಿಯೇ ಹೇಳಿದಳು, ನಾವು ಬೀದಿಗೆಲ್ಲ ರೇವಡಿ ಹಂಚಿದೆವು. ಆದರೆ ಅಲ್ಲಿಗೆ ಮುಗಿಯುವುದಿಲ್ಲವಂತೆ ಈ ದಾರಿ. ಆಮೇಲೆ ಒಂದೂರಿನಲ್ಲಿ ಸ್ವಲ್ಪ ಕಾಲ, ಇನ್ನೊಂದೂರಿನಲ್ಲಿ ಸ್ವಲ್ಪ ಕಾಲ, ತಾತ್ಪೂರ್ತಿಕ ಜಾಗಗಳು, ಖಾಯಂ ಯಾವುದೂ ಅಲ್ಲ. ಗಾದಿ ಸುತ್ತು, ಪಾತ್ರೆ ಕಟ್ಟು, ಹೊಸ ಊರು. ಪ್ರತಿ ಸಲವೂ ಅರ್ಜಿ ಹಾಕಬೇಕು, ಪ್ರತಿ ಸಲವೂ ಬೇರೆ ಯಾರಿಗೋ ಆಗುತ್ತಿತ್ತು. ಫೋನಿನಲ್ಲಿ ಅವಳ ಮಾತು ಕಡಿಮೆಯಾಗುತ್ತ ಬಂತು. ಎಳೆತ ಜೋರಾಗಿದೆ, ಬಿಳುಪು ಬರುವ ಹೊತ್ತು ಸಮೀಪ ಬಂದಿರಬೇಕು ಎಂದು ನಾನು ಇನ್ನಷ್ಟು ಬಾಯಿ ಬಿಗಿದೆ.

ಈ ಸಂಕ್ರಾಂತಿಯ ಮುಂಚೆ ಅವಳು ಮನೆಗೆ ಬಂದಳು. ನಮ್ಮ ಭಟ್ಟಿ ಮೂರು ಹೊತ್ತು ಉರಿಯುವ ಕಾಲ ಅದು. ಮಧ್ಯಾಹ್ನ ನಾನು ಗೂಟಕ್ಕೆ ಪಾಕ ಹಾಕಿ ಎಳೆಯುತ್ತಿದ್ದೆ, ಅವಳ ಅಜ್ಜ ಕಡಾಯಿಯಲ್ಲಿ ಎಳ್ಳು ಆಡಿಸುತ್ತಿದ್ದರು. ಅವಳು ಬಂದು ಹಳೆಯ ಜಾಗದಲ್ಲೇ, ಗೋಣಿ ಸುತ್ತಿದ ಬೆಲ್ಲದ ಪೆಂಟೆಯ ಮೇಲೆ ಕುಳಿತಳು.

“ಆಯಿ, ಖಾಯಂ ಕೆಲಸದ ಇಂಟರ್ವ್ಯೂಕ ಕರದಾರ. ಮುಂದಿನ ವಾರ. ನಾ ಹೋಗೂದಿಲ್ಲ.”

ನನ್ನ ಕೈ ಎಳೆಯುತ್ತಲೇ ಇತ್ತು. ಎಳೆಯಲೇಬೇಕಲ್ಲ.

“ಸಾಂಗಲ್ಯಾಗ ಕ್ಲಾಸ್ ನಡಸೂ ಸರ್ ಒಬ್ಬರು ಬಾ ಅಂದಾರ. ಇಂಜಿನಿಯರಿಂಗ್ ಪರೀಕ್ಷಾಕ್ಕ ಹುಡುಗರನ್ನ ತಯಾರ ಮಾಡೂದು. ಪಗಾರ ಚಲೋ ಐತಿ. ಸಂಜೀಕ ಹೂಂ ಅಂತ ಹೇಳ್ಬೇಕು. ಹೇಳ್ತೀನಿ.”

“ನಿನ್ನ ಗಣಿತಾ?”

“ಸಾಕಾತು ಆಯಿ. ಯಾರಿಗೆ ಬೇಕಾಗೈತಿ ಅದು?” ಕುಳಿತಲ್ಲೇ ಗೋಣಿಯ ನಾರು ಕೀಳತೊಡಗಿದಳು. “ಹಾಸ್ಟೆಲಿನ್ಯಾಗ ಎಲ್ಲಾರ ಮನ್ಯಾಗಿಂದೂ ಫೋನ್ ಬರ್ತಿದ್ದುವು. ಆತೇನು, ಯಾವಾಗ ಆಗತೈತಿ, ಯಾವಾಗ ಮುಗಸ್ತಿ ಅಂತ. ಅವರೆಲ್ಲಾ ತಲಿ ತಿಂತಾರ ಅಂತ ಬೈತಿದ್ರು. ನಂಗ ಹೊಟ್ಟಿಕಿಚ್ಚಾಗ್ತಿತ್ತು. ಇಷ್ಟ ವರ್ಷದಾಗ ನಮ್ಮ ಮನ್ಯಾಗ ಒಬ್ಬರರೆ ಒಂದ ಸಲ ಆದ್ರೂ ಕೇಳಿದ್ರೇನು? ಊಟಾ ಆತೇನು ಅಂತೀರಿ, ಮಳಿ ಆತೇನು ಅಂತೀರಿ. ನನ್ನ ಕೆಲಸ ಆತೇನು ಅಂತ ಯಾರೂ ಕೇಳಲಿಲ್ಲ. ನನ್ನ ಮ್ಯಾಲ ನಿಮಗ ಆಶಾನs ಇದ್ದಿಲ್ಲ ಅಲ್ಲ? ಆಗಾಕಿ ಅಲ್ಲ ಇಕಿ ಅಂತ ಬಿಟ್ಟುಬಿಟ್ಟಿದ್ರಿ.”

ಶಿವನೇ! ನನ್ನ ಕೈ ನಿಂತಿತು. ಜೀವಮಾನದಲ್ಲಿ ಪಾಕ ಗೂಟದ ಮೇಲಿದ್ದಾಗ ನನ್ನ ಕೈ ನಿಂತದ್ದು ಅದೇ ಮೊದಲು.

“ಗೂಟದ ಮ್ಯಾಲ ಪಾಕ ಇತ್ತಲ್ಲ ಕೂಸs!” ಎಂದು ಕೂಗಿದೆ.

“ಯಾವ ಪಾಕಾ?”

“ನೀನs ಪಾಕಾ! ನಿನ್ನ ಎಳ್ಯಾಕತ್ತಿದ್ರಲ್ಲ ಅವ್ರೆಲ್ಲಾ ಕೂಡಿ, ಆ ಊರಿಂದ ಈ ಊರಿಗೆ! ನಡುವ ಆತೇನು ಅಂತ ಕೇಳಿ ನಿನ್ನ ಕಲ್ಲ ಮಾಡ್ಲೇನು?”

ಅಷ್ಟರಲ್ಲಿ ಅವಳ ಅಜ್ಜ ಸೌಟು ಬಿಸಾಕಿ ಎದ್ದರು, ಎಳ್ಳು ನೆಲಕ್ಕೆಲ್ಲ ಚೆಲ್ಲಿತು.

“ಕೇಳಾಕ ಬಿಟ್ಟಿದ್ರ ನಾ ದಿನಕ್ಕ ಹತ್ತ ಸಲ ಕೇಳ್ತಿದ್ದೆ! ಇಕಿ ಬಿಡಬೇಕಲ್ಲ? ಬಾಯಾಗ ರೇವಡಿ ಜಡೀತಿದ್ಲು! ನನ್ನ ಹಲ್ಲಿನ ಸೆಟ್ಟು ಎರಡ ಸಲ ರಿಪೇರಿ ಮಾಡಿಸೀನಿ, ಕೇಳು ನಿಮ್ಮಪ್ಪನ್ನ! ಫೋನ್ಯಾಗ ನಾ ‘ಮತ್ತ ಬಾಳಾ’ ಅಂತ ಅಂದು ಸುಮ್ಮನಾಗ್ತಿದ್ದೆನಲ್ಲ, ಯಾಕ ಅಂತ ತಿಳದಿದ್ದಿ?”

“ನೆಟ್‌ವರ್ಕ್ ಹೋತು ಅಂತ ತಿಳೀತಿದ್ದೆ, ಅಜ್ಜಾ.”

“ನೆಟ್‌ವರ್ಕ್ ಅಲ್ಲವಾ, ನಿಮ್ಮ ಆಯಿ!”

ಅವಳು ನಗಲು ತೊಡಗಿದಳು. ನಗುತ್ತ ಕಣ್ಣಲ್ಲಿ ನೀರು, ಬೆಲ್ಲದ ಪೆಂಟೆಯಿಂದ ಜಾರಿ ನೆಲದ ಎಳ್ಳಿನಲ್ಲೇ ಕುಳಿತಳು. “ನಾ ಪಾಕಾ ಅಂತ ನಂಗ ಯಾರೂ ಹೇಳಿದ್ದಿಲ್ಲಲ್ಲ ಆಯಿ! ಬಸುರಿ, ಮಾಳಿಗಿ, ಪಿಎಚ್‌ಡಿ, ಎಲ್ಲಾದಕ್ಕೂ ಒಂದs ಕಾಯದೇನು? ನಾ ಊರೂರು ಅಡ್ಡಾಡಿ ಗಣಿತದಾಗ ನಿಯಮ ಹುಡುಕಾಕತ್ತೀನಿ, ನಮ್ಮ ಮನೀ ನಿಯಮಾನs ನಂಗ ಗೊತ್ತಿಲ್ಲ!”

ಈ ಗದ್ದಲದಲ್ಲಿ ಗೂಟದ ಕಡೆ ಯಾರೂ ನೋಡಿರಲಿಲ್ಲ. ನೋಡಿದರೆ ಪಾಕ ನೇತಾಡಿದಲ್ಲೇ ಬಿಗಿದು, ಕಂದು ಬಣ್ಣದ ಕೋಲಾಗಿ ನಿಂತಿತ್ತು. ಅವಳ ಅಜ್ಜ ಬೆರಳಿನಿಂದ ಬಡಿದರು, ಟಣ್ ಎಂದಿತು. “ನೋಡವಾ, ಕಣ್ಣಾರೆ ನೋಡು. ಅದಕ್ಕs ಕೇಳಬಾರದು ಅಂತಾರ” ಎಂದರು. ಸುತ್ತಿಗೆಯಿಂದ ಒಡೆದು ತೆಗೆಯಬೇಕಾಯಿತು. ಆ ಚೂರುಗಳನ್ನು ಬಟ್ಟಲಲ್ಲಿ ಹಾಕಿಕೊಂಡು ಮೂವರೂ ಚಹಾದೊಂದಿಗೆ ಕಡಿಯುತ್ತ ಕುಳಿತೆವು. ಅವಳು ಒಂದು ಚೂರನ್ನು ಬೆಳಕಿಗೆ ಹಿಡಿದು ನೋಡಿದಳು, ಬಿಳಿ ರೇವಡಿ ಒಂದನ್ನು ತೆಗೆದು ಪಕ್ಕಕ್ಕೆ ಹಿಡಿದಳು. “ಬೆಲ್ಲ ಒಂದs, ಸಕ್ಕರಿ ಒಂದs. ಎಳದದ್ದಷ್ಟs ಫರಕು” ಎಂದಳು, ತನಗೆ ತಾನೇ. ಹೊತ್ತು ಮುಳುಗುವ ಮುಂಚೆ ಎದ್ದು ಸಾಂಗಲಿಯ ಸರ್‌ಗೆ ಫೋನ್ ಮಾಡಿದಳು. ಅವಳು ಮರಾಠಿಯಲ್ಲಿ “ಮಾಫ್ ಕರಾ ಸರ್, ಜಮಣಾರ ನಾಹೀ” ಎಂದದ್ದು, ಆಗುವುದಿಲ್ಲ ಎಂದದ್ದು, ನನಗೆ ಮಾಳಿಗೆಯ ಮೆಟ್ಟಿಲವರೆಗೆ ಕೇಳಿಸಿತು. ನಾನು ಹೊಸ ಪಾಕಕ್ಕೆ ಬೆಂಕಿ ಹಚ್ಚಿದೆ. ಅವತ್ತು ಅವಳೇ ಎಳೆದಳು. ಏನು ಚೆಂದ ಎಳೆದಳು! ನಾವಿಬ್ಬರೂ ತುಟಿ ಎರಡು ಮಾಡಲಿಲ್ಲ. ಅವಳೇ “ಆತು” ಎಂದಳು.

ಇಂಟರ್ವ್ಯೂಗೆ ಹೊರಟಾಗ ಮಿರಜದ ಸ್ಟೇಶನ್ನಿಗೆ ನಾವೆಲ್ಲ ಹೋಗಿದ್ದೆವು. ಅಲ್ಲಿ ಅವಳು ತನ್ನ ಕೆಲಸದ ಮೇಲೆ ಭಾಷಣ ಮಾಡಬೇಕಿತ್ತಂತೆ, ಎರಡು ಡಬ್ಬಿ ರೇವಡಿ ಕೊಟ್ಟೆ.

“ಭಾಷಣಕ್ಕಿಂತ ಮೊದಲ ಹಂಚಿಬಿಡು ಬಾಳಾ. ಬಾಯಿ ತುಂಬಿದ್ರ ಯಾರೂ ಪ್ರಶ್ನಿ ಕೇಳೂದಿಲ್ಲ.”

“ಆಯಿ, ಪ್ರಶ್ನಿ ಕೇಳಿದ್ರನs ಕೆಲಸ ಕೊಡ್ತಾರ.”

“ಹಂಗಾದ್ರ ಆಮ್ಯಾಲ ಹಂಚು.”

ಅವಳು ಆಮೇಲೆ ಹಂಚಲಿಲ್ಲ, ಮೊದಲೂ ಹಂಚಲಿಲ್ಲ. ಭಾಷಣದ ನಡುವೆ ಹಂಚಿದಳಂತೆ! ಅವತ್ತು ಮಿಕ್ಕು, ಅವಳು ಕಟ್ಟಿಕೊಂಡು ಹೋಗಿದ್ದ ಗಟ್ಟಿ ಕಂದು ಚೂರು ಒಂದು ಕೈಗೆ, ಬಿಳಿ ರೇವಡಿ ಒಂದು ಕೈಗೆ. ಇವೆರಡರ ನಡುವೆ ಏನು ನಡೆದಿದೆಯೋ ಅದೇ ನನ್ನ ಗಣಿತ ಎಂದಳಂತೆ. ಇದೆಲ್ಲ ನನಗೆ ತಿಳಿದದ್ದು ಈಚೆಗೆ. ಆಗ ಅವಳು ಫೋನಿನಲ್ಲಿ ಹೇಳಿದ್ದು “ಮುಟ್ಟೀನಿ”, ಆಮೇಲೆ “ಹೊಂಟೀನಿ”, ಅಷ್ಟೇ. ನಾವೂ ಕೇಳಲಿಲ್ಲ. ಈಗ ಅವಳಿಗೂ ಗೊತ್ತು ನಾವು ಯಾಕೆ ಕೇಳುವುದಿಲ್ಲವೆಂದು. ಫೋನಿನಲ್ಲಿ ಅಜ್ಜ “ಮತ್ತ ಬಾಳಾ” ಎಂದು ಬಾಯಿ ಮುಚ್ಚಿಕೊಂಡರೆ ಆ ಕಡೆಯಿಂದ ನಗು ಕೇಳುತ್ತಿತ್ತು. “ಅಜ್ಜಾ, ರೇವಡಿ ಹ್ಯಾಂಗ ಐತಿ?” ಎನ್ನುತ್ತಿದ್ದಳು.

ಆದರೆ ನನ್ನ ಗತಿ? ಹೇಳುತ್ತೇನೆ, ಆ ದಿನಗಳಲ್ಲಿ ನಾನೇ ಗುಟ್ಟಾಗಿ ರೇವಡಿ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದೆ. ಮಾವಶಿ ಮೆಟ್ಟಿಲ ಮೇಲಿಂದ “ಝಾಲಂ ಕಾ?” ಎಂದರೆ ಬಾಯಿ ತೋರಿಸಿ ತಲೆ ಅಲ್ಲಾಡಿಸುತ್ತಿದ್ದೆ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು, ಹೋಳಿ ಹೋಯಿತು. ಗುಡಿ ಪಾಡವಾಕ್ಕೆ, ಅಂದರೆ ಯುಗಾದಿಗೆ, ಸಕ್ಕರೆ ಸರ ಮಾಡುವ ಹೊತ್ತು ಬಂತು. ಅಚ್ಚುಗಳಲ್ಲಿ ದಾರ ಹಾಸಿ ಬಿಳಿ ಪಾಕ ಹೊಯ್ಯುತ್ತಿದ್ದೆ. ಫೋನು ಬಂತು. ಸೊಸೆ ಸ್ಪೀಕರ್ ಹಚ್ಚಿ ಡಬ್ಬಿಯ ಮೇಲಿಟ್ಟಳು.

“ಆಯಿ, ಏನ ಮಾಡಾಕತ್ತೀರಿ?”

“ಸರಾ ಹೊಯ್ಯಾಕತ್ತೀನಿ.”

“ಗೂಟದ ಮ್ಯಾಲ ಏನರೆ ಐತೇನು?”

ನಾನು ತಿರುಗಿ ನೋಡಿದೆ. ಗೂಟ ಬರಿದಾಗಿತ್ತು. “ಏನೂ ಇಲ್ಲವಾ.”

“ಹಂಗಾದ್ರ ಕೇಳ್ರಿ.”

“ಏನ ಕೇಳ್ಲಿ?”

“ಇಷ್ಟ ವರ್ಷ ಕೇಳದs ಬಿಟ್ಟದ್ದು. ಕೇಳ್ರಿ ಆಯಿ, ಎಲ್ಲಾರೂ ಕೇಳ್ರಿ!”

ನಮ್ಮ ಮನೆಯವರ ಕಡೆ ನೋಡಿದೆ. ಜೀವಮಾನವೆಲ್ಲ ಕಾದಿದ್ದರು ಪಾಪ, ಅವರೇ ಮೊದಲು ಕೇಳಲಿ ಎಂದು. ಅವರು ಬಾಯಿ ತೋರಿಸಿದರು. ಫೋನು ಬಂತೆಂದು ಅಭ್ಯಾಸದ ಮೇಲೆ ತಾವೇ ರೇವಡಿ ಹಾಕಿಕೊಂಡುಬಿಟ್ಟಿದ್ದರು! ಹಲ್ಲು ಅಂಟಿ, ಕಣ್ಣು ಮಾತ್ರ ಪಿಳಿಪಿಳಿ. ನಾನೇ ಕೇಳಿದೆ.

“ಆತೇನs, ಕೂಸs?”

“ಆತು ಆಯಿ! ಆತು!”

ಆಮೇಲೆ ಯಾರು ಏನು ಮಾಡಿದರೆಂದು ನನಗೆ ಸರಿಯಾಗಿ ನೆನಪಿಲ್ಲ. ನಮ್ಮ ಮನೆಯವರು ಹಲ್ಲಿನ ಸೆಟ್ಟನ್ನೇ ತೆಗೆದು ಕೈಯಲ್ಲಿ ಹಿಡಿದು “ಆತಂತ! ಆತಂತ!” ಎಂದು ಬೊಚ್ಚುಬಾಯಲ್ಲಿ ಕೂಗುತ್ತ ಬೀದಿಗೆ ಓಡಿದ್ದು ಗೊತ್ತು. ಮಾವಶಿ ಮೆಟ್ಟಿಲಿಂದ ಇಳಿದು ಬಂದು ನನ್ನನ್ನು ಅಪ್ಪಿಕೊಂಡದ್ದು ಗೊತ್ತು, ಸಮಡೋಳಿಯ ರಸ್ತೆಯಲ್ಲಿದ್ದ ಮಗ ಸುದ್ದಿ ಕೇಳಿ ಟೆಂಪೋ ಬದಿಗೆ ನಿಲ್ಲಿಸಿ ಅತ್ತನೆಂದು ಆಮೇಲೆ ತಿಳಿಯಿತು. ಹೊಯ್ದ ಸಕ್ಕರೆ ಸರಗಳಲ್ಲಿ ಅರ್ಧ ಸೊಟ್ಟಗಾದವು. ಅವನ್ನು ಮಾರಲಿಲ್ಲ, ಪಾಡವಾದ ದಿನ ಒಂದನ್ನು ಬಾಗಿಲ ಮುಂದೆ ಏರಿಸಿದ ಗುಡಿಯ ಕೋಲಿಗೆ ಕಟ್ಟಿ ಇನ್ನೊಂದನ್ನು ಗೂಟಕ್ಕೆ ಹಾಕಿದೆ.

ಈಗ ಮನೆಯಲ್ಲಿ ಹೊಸ ಪೀಡೆ ಶುರುವಾಗಿದೆ. ಬಾಯಿಯ ಬೀಗ ತೆಗೆದೆವಲ್ಲ, ನಮ್ಮ ಮನೆಯವರು ಎಲ್ಲರನ್ನೂ ಎಲ್ಲವನ್ನೂ ಕೇಳುತ್ತಾರೆ. ಕುಕ್ಕರು ಸಿಳ್ಳೆ ಹಾಕುವ ಮುಂಚೆ ಆತೇನು, ಸೊಸೆ ಸೀರೆ ಉಡುವುದರೊಳಗೆ ಆತೇನು. ಮೊನ್ನೆ ಮೊಮ್ಮಗಳು ಹೊಸ ಊರಿನಿಂದ ಫೋನ್ ಮಾಡಿ, ಐದು ಗೂಟದ ಮೇಲೆ ಹೊಸ ಕೆಲಸ ಹಿಡಿದಿದ್ದೇನೆ, ನಿನ್ನೆಯಷ್ಟೇ ಶುರು ಎಂದಳು. ಹೇಳಿ ಬಾಯಿ ಮುಚ್ಚಿದ್ದಾಳೋ ಇಲ್ಲವೋ, ಇವರು ಫೋನಿಗೆ ಬಾಯಿ ಹಚ್ಚಿ, “ಆತೇನು?” ಎಂದುಬಿಟ್ಟರು.

ಆ ಕಡೆಯಿಂದ ಅವಳು ಕಿರುಚಿದಳು, “ಆಯಿ, ರೇವಡಿ ಎಲ್ಲಿ ಐತ್ರಿ?”

ನನ್ನ ಕೈಯಲ್ಲೇ ಇತ್ತು.